ದೊಣೆ ಕಾಯುವ ಕದಿರಮ್ಮ

ಬೆಳಗಿನ ಐದೂವರೆ. ಕಾಮಸಮುದ್ರದ ಮೊದಲ ಬಸ್ಸು ಇನ್ನೂ ಹಾರ್ನ್ ಹೊಡೆದಿಲ್ಲ. ಊರ ಹಿಂದಿನ ದೊಣೆಗುಟ್ಟವೆಂಬ ಗುಡ್ಡದ ನೆತ್ತಿಯಲ್ಲಿ ಕದಿರಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಣೆಗೆ ಕೋಲು ಇಳಿಸುತ್ತಿದ್ದಾರೆ. ದೊಣೆ ಎಂದರೆ ಬಂಡೆಯಲ್ಲಿ ತಾನಾಗಿ ಆದ ಗುಂಡಿ; ಮಳೆನೀರು ಅಲ್ಲಿ ನಿಲ್ಲುತ್ತದೆ. ಕೋಲಿನ ಮೇಲೆ ಗೇಣಿಗೊಂದರಂತೆ ಎಂಟು ಕಚ್ಚು. ಒದ್ದೆ ಗುರುತಿಗೆ ಹೆಬ್ಬೆರಳಿಟ್ಟು ನೋಡಿದವರ ಮುಖ ಅರಳುತ್ತದೆ.

"ಐದು! ನೆನ್ನೇನೂ ಐದೇ!" ಎಂದು ಹಿಂದೆ ನಿಂತ ಮೇಕೆಗಳಿಗೆ ವರದಿ ಒಪ್ಪಿಸುತ್ತಾರೆ. ಮೇಕೆಗಳಿಗೆ ಲೆಕ್ಕ ಬೇಕಿಲ್ಲ, ನೀರು ಬೇಕು.

ಐವತ್ತೆಂಟರ ಕದಿರಮ್ಮನವರದು ಮೂವತ್ತೆರಡು ಮೇಕೆ. ಇನ್ನೂ ನಾಲ್ಕು ಮನೆಯವರ ಮಂದೆ ಸೇರಿ ನೂರನಲವತ್ತು ಇದೇ ನೀರನ್ನು ನಂಬಿವೆ. ಐದು ಮನೆಯವರೂ ಸೇರಿ ದಿನಕ್ಕೆ ಐವತ್ತು ಕೊಡ ಸೇದಿ ಕಲ್ಲುತೊಟ್ಟಿಗೆ ಸುರಿಯುತ್ತಾರೆ. ಮೇವಿರುವುದು ಗುಟ್ಟದ ಮೇಲೆ, ಬೋರ್‌ವೆಲ್ ಇರುವುದು ಊರಲ್ಲಿ. ದೊಣೆ ಬತ್ತಿದರೆ ಬಿಸಿಲಲ್ಲಿ ಹತ್ತಿ ಇಳಿದು ಮರಿಗಳು ದಾರಿಯಲ್ಲೇ ಮಲಗಿಬಿಡುತ್ತವೆ.

ಮಳೆಯ ಗುಣ ಕೆಟ್ಟಿದ್ದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. "ಮುಂಚೆ ಸೋನೆ ಇಡುದ್ರೆ ಎಂಟು ದಿನ. ಬಂಡೆ ನಿದಾನಕ್ಕೆ ತೊಳ್ಕಂಡು ತಿಳಿ ನೀರು ತುಂಬ್ತಿತ್ತು. ಈಗ ಮೂರು ತಿಂಗ್ಳು ಮಕಾನೇ ತೋರ್ಸಲ್ಲ. ಬಂದ್ರೆ ಒಂದು ಗಂಟೇಲಿ ಗುಟ್ಟಾನೇ ಕಿತ್ಕಂಡು ಬತ್ತದೆ," ಎನ್ನುತ್ತಾರೆ. ಹಾಗೆ ಬಂದ ಮಳೆ ದೊಣೆಗೆ ನೀರಿಗಿಂತ ಹೂಳನ್ನೇ ಹೆಚ್ಚು ತುಂಬುತ್ತದೆ. ಅದಕ್ಕೇ ಕದಿರಮ್ಮನವರ ಕಾನೂನು: ಇಲ್ಲಿ ನೀರು ಕುಡಿದವರು ದೊಣೆಯ ಅಂಚಿನಿಂದ ಒಂದು ಬಾಂಡ್ಲಿ ಹೂಳು ಹೊತ್ತು ಆಚೆ ಹಾಕಬೇಕು. ಫೋಟೋ ತೆಗೆಯಲು ಬಂದವರಿಗೂ ವಿನಾಯಿತಿ ಇಲ್ಲ.

ಆದರೆ ಈ ದೊಣೆಯನ್ನು ಒಮ್ಮೆ ಕೆಡಿಸಿದವರೂ ಅವರೇ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಖಾಲಿ ದೊಣೆಗೆ ಇಳಿದು, ತೆಂಗಿನ ನಾರಿನಿಂದ ತಳವನ್ನು ತಟ್ಟೆ ಬೆಳಗಿದಂತೆ ಬೆಳಗಿದರು. ಮಳೆಗಾಲದಲ್ಲಿ ತುಂಬಿದ ನೀರು ಶಿವರಾತ್ರಿಯ ಹೊತ್ತಿಗೆ ಮಾಯ. ನೋಡಿದರೆ ತಳದಲ್ಲಿ ಬಿರುಕು! ಹಿರಿಯರು ಅಂಗೈ ದಪ್ಪ ಜೇಡಿಮಣ್ಣು ಬಿಟ್ಟಿದ್ದು ಸೋಮಾರಿತನದಿಂದಲ್ಲ. ಆ ಮಣ್ಣೇ ಬಿರುಕಿಗೆ ಬೆಣೆಯಾಗಿತ್ತು.

"ನಮ್ಮ ಮನೆಯೋರು ಒಂದು ತಿಂಗ್ಳು ನಕ್ಕಿದ್ದೇ ನಕ್ಕಿದ್ದು," ಎಂದು ಗಂಡ ಮುನಿಸ್ವಾಮಪ್ಪನವರನ್ನು ನೆನೆದು ತಾವೂ ನಗುತ್ತಾರೆ. ಮರುಕ್ಷಣ ದನಿ ತಗ್ಗುತ್ತದೆ. "ಆ ಬ್ಯಾಸ್ಗೇಲಿ ಏಳು ಮರಿ ಸತ್ತೋದ್ವು. ಅದು ನನ್ ತಪ್ಪೇ. ಮಳೆ ಮ್ಯಾಲೆ ಯಾಕೆ ಆಕ್ಲಿ?" ಎನ್ನುವಾಗ ಕಣ್ಣು ತುಂಬುತ್ತದೆ.

ಸುಮ್ಮನೆ ಕೂರುವ ಜೀವವಲ್ಲ. ಹುತ್ತದ ಮಣ್ಣು ಹೊತ್ತು ತಂದು ಬಿರುಕಿನ ಮೇಲೆ ಹರಡಿದರು, ನೀರು ಚಿಮುಕಿಸಿದರು. ತುಳಿಯುವವರು ಯಾರು? ಮಣ್ಣಿನ ಮೇಲೆ ಒಂದು ಹಿಡಿ ಕಲ್ಲುಪ್ಪು ಎರಚಿ, ಮೇಕೆಗಳನ್ನು ಒಳಗೆ ಬಿಟ್ಟರು. ಉಪ್ಪಿನ ಆಸೆಗೆ ಅವು ಮೂರು ದಿನ ಅಲ್ಲೇ ಸುತ್ತಿ, ಮಣ್ಣನ್ನು ಗಾರೆಯಂತೆ ಗಟ್ಟಿ ಮಾಡಿದವು. ಈ ಸಲ ಯುಗಾದಿ ಕಳೆದು ವಾರವಾದರೂ ಕೋಲು ಐದು ಕಚ್ಚು ತೋರುತ್ತಿದೆ. ಕಚ್ಚಿಗೆ ಹತ್ತು ದಿನ ಎಂದರೂ ಭರಣಿ ಮಳೆಯವರೆಗೆ ಭಯವಿಲ್ಲ.

ಮಾತಿನ ನಡುವೆ ಪಂಚಾಯಿತಿ ಸದಸ್ಯ ಆದಿನಾರಾಯಣ ಏದುಸಿರು ಬಿಡುತ್ತಾ ಗುಟ್ಟ ಹತ್ತಿ ಬರುತ್ತಾರೆ. ಬಂಡೆಯ ಮೇಲೆ ಬಣ್ಣದಲ್ಲಿ ಕದಿರಮ್ಮನ ಹೆಸರು ಬರೆಸಬೇಕೆಂಬುದು ಅವರ ಆಸೆ.

"ನನ್ನೆಸ್ರು ಯಾಕಣ್ಣಾ? ಅದನ್ನ ಓದ್ಕಂಡು ಮೇಕೆ ನೀರು ಕುಡೀತಾವಾ?" ಕದಿರಮ್ಮ ಕೋಲನ್ನು ಬಂಡೆಗೆ ಕುಟ್ಟುತ್ತಾರೆ. "‘ತಳ ಉಜ್ಜಬೇಡಿ’ ಅಂತ ಬರ್ಸು. ಕನ್ನಡದಾಗೂ ಬರ್ಸು, ತೆಲುಗಿನಾಗೂ ಬರ್ಸು, ಗಡಿ ಆ ಕಡೆಯೋರೂ ಮೇಕೆ ಒಡ್ಕಂಡು ಬತ್ತಾರೆ. ನಾನು ಇಲ್ದಿದ್ ಕಾಲಕ್ಕೂ ಇನ್ನೊಬ್ಳು ಇಂಗೆ ಮಾಡ್ಬಾರ್ದು, ಅಷ್ಟೇ."

ಆದಿನಾರಾಯಣ ತಲೆಯಾಡಿಸಿ, ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಗಟಗಟ ಕುಡಿಯುತ್ತಾರೆ. ಲೋಟ ಕೆಳಗಿಡುವ ಮೊದಲೇ ಕದಿರಮ್ಮ ಬಾಂಡ್ಲಿಯನ್ನು ಅವರ ಕಾಲ ಬಳಿ ಜರುಗಿಸಿಯಾಗಿದೆ.