ಕೆನೆ ಬಣ್ಣವೋ ಬಿಸ್ಕೀಟ್ ಬಣ್ಣವೋ

ನಮ್ಮ ಅತ್ತೆ ನಕ್ಕರೆ ಮೊದಲು ಮೂಗಿನ ನತ್ತು ಅಲುಗುತ್ತಿತ್ತು, ಆಮೇಲೆ ಹೊಟ್ಟೆ, ಕೊನೆಗೆ ಅವರು ಕುಳಿತ ಹೊರಸು. ಮದುವೆಯಾಗಿ ಗಂಗಾವತಿಯ ಆ ಮನೆಗೆ ಬಂದ ಹೊಸದರಲ್ಲಿ ಆ ನಗುವಿಗೆ ನಾನು ಬೆಚ್ಚಿಬೀಳುತ್ತಿದ್ದೆ. ಏನು ಕೇಳಿದರೂ "ನೀವು ಹೆಂಗಂತೀರಿ ಹಂಗರಿ" ಎನ್ನಬೇಕೆಂದು ಕುಷ್ಟಗಿಯ ತವರಿನಲ್ಲಿ ಅವ್ವ ಬಾಯಿಪಾಠ ಮಾಡಿಸಿ ಕಳಿಸಿದ್ದಳು.

ಆ ಮಾತು ಕೇಳಿದರೆ ಅತ್ತೆಗೆ ಮೈಯೆಲ್ಲ ಉರಿ. ಚಹಾಕ್ಕೆ ಸಕ್ಕರೆ ಎಷ್ಟು ಎಂದರೂ ನನ್ನದು ಅದೇ ಉತ್ತರ, ಯಾವ ಸೀರೆ ಎಂದರೂ ಅದೇ. "ಯವ್ವಾ, ನಾ ಏನಂತೀನಿ ನಂಗ ಗೊತ್ತೈತಿ. ನೀ ಏನಂತಿ ಹೇಳು," ಎನ್ನುತ್ತಿದ್ದರು.

ದೀಪಾವಳಿಗೆ ಮುಂಚೆ ನಮ್ಮ ಕೋಣೆಗೆ ಬಣ್ಣ ಹಚ್ಚುವುದೆಂದಾಯಿತು. ಪೇಂಟರ್ ಗೋಡೆಯ ಮೇಲೆ ಎರಡು ಪಟ್ಟಿ ಬಳಿದು ತೋರಿಸಿದ. ಒಂದೇ ಜಾತಿಯ ಬಣ್ಣಗಳು: ಒಂದು ಕೆನೆಯಂತೆ ತಿಳಿ, ಇನ್ನೊಂದು ಬಿಸ್ಕೀಟಿನಂತೆ ತುಸು ಗಾಢ. "ನಿನ್ನ ಖೋಲಿ, ನೀನ ಹೇಳಬೇಕು. ಅಲ್ಲೀತನಕ ಬ್ರಷ್ ಮುಟ್ಟಂಗಿಲ್ಲ," ಎಂದು ಅತ್ತೆ ಬಾಗಿಲಲ್ಲೇ ಕುಳಿತರು. ಪೇಂಟರ್ ಚಹಾ ಕುಡಿದ, ಮತ್ತೊಮ್ಮೆ ಕುಡಿದ. ನನ್ನದು ಮತ್ತೆ ಅದೇ "ನೀವು ಹೆಂಗಂತೀರಿ ಹಂಗರಿ".

ಅತ್ತೆಗೆ ಒಂದು ಉಪಾಯ ಹೊಳೆಯಿತು. ಮಾವನ ತಲೆಗೆ ಕೊಬ್ಬರಿ ಎಣ್ಣೆ ಸುರಿದು, ಅಷ್ಟರಲ್ಲಿ ಒಣಗಿದ್ದ ಎರಡೂ ಪಟ್ಟಿಗೆ ಒಂದಾದ ಮೇಲೊಂದರಂತೆ ಒರಗಿಸಿ ಕೂಡಿಸಿದರು. ನಮ್ಮಲ್ಲಿ ಬಂದವರೆಲ್ಲ ಗೋಡೆಗೆ ತಲೆ ಆನಿಸಿಯೇ ಕೂರುವುದು ತಾನೆ! ಕೆನೆ ಬಣ್ಣದ ಮೇಲೆ ಎಣ್ಣೆಯ ಗುರುತು ಎದ್ದು ಕಂಡಿತು. ಬಿಸ್ಕೀಟ್ ಬಣ್ಣದಲ್ಲಿ ಅಷ್ಟಾಗಿ ಕಾಣಲಿಲ್ಲ.

"ಬಿಸ್ಕೀಟಿಂದನ ಛಲೋ," ಎಂದರು ಮಾವ, ಕಿವಿಯ ಹಿಂದಿನ ಎಣ್ಣೆ ಒರೆಸಿಕೊಳ್ಳುತ್ತ. ನನ್ನ ಗಂಡ ತಲೆಯಾಡಿಸಿದ. "ನಂಗೂ ಹಂಗ ಅನಸ್ತೈತಿ," ಎಂದು ಅತ್ತೆ ನನ್ನತ್ತ ಓರೆಗಣ್ಣಿನಿಂದ ನೋಡಿದರು. ಪೇಂಟರ್ ಆ ಡಬ್ಬಿಗೆ ಕೈ ಹಾಕಿದ.

ಆ ಕೋಣೆಗೆ ಇದ್ದದ್ದು ಒಂದೇ ಸಣ್ಣ ಕಿಟಕಿ. ಗಾಢ ಬಣ್ಣವಾದರೆ ಹಗಲಲ್ಲೂ ಕತ್ತಲೆ. ತಡೆಯಲಾರದೆ ಅಂದುಬಿಟ್ಟೆ: "ಬ್ಯಾಡ್ರಿ ಅತ್ತಿ. ನಂಗ ಕೆನಿ ಬಣ್ಣನ ಬೇಕು. ಎಣ್ಣಿ ಹತ್ತಿದ್ರ ಹತ್ತಲಿ."

ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಬಂತು ನೋಡು ಬಾಯಿ! ಹಚ್ಚಪಾ ಕೆನಿ ಬಣ್ಣ," ಎಂದು ಪೇಂಟರನಿಗೆ ಹೇಳಿ, ಮಾವನ ಕಡೆ ತಿರುಗಿದರು. "ನೀವು ಇನ್ಮ್ಯಾಲೆ ತಲೀಗೆ ಟವೆಲ್ ಸುತ್ಕೊಂಡು ಕುಂದರ್ರಿ." ಅವತ್ತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆಮೇಲೆ ನಮ್ಮಿಬ್ಬರಿಗೆ ಯಾವುದಕ್ಕೆ ವಾದವಾಗಲಿಲ್ಲ ಹೇಳಿ! ಸಾರಿಗೆ ಹುಣಸೆಹಣ್ಣು, ನನ್ನ ಮಗಳಿಗೆ ಇಡುವ ಹೆಸರು, ಹುಲಿಗಿ ಜಾತ್ರೆಗೆ ಬಸ್ಸೋ ಆಟೋವೋ. ಅತ್ತೆಗೆ ಗೆದ್ದರೂ ಖುಷಿ, ಸೋತರೆ ಇನ್ನೂ ಖುಷಿ.

ಹೋದ ವರ್ಷ ಅವರು ತೀರಿಕೊಂಡಾಗ ಮಾತಾಡಿಸಲು ಬಂದ ಓಣಿಯ ಹೆಂಗಸೊಬ್ಬಳು ನನ್ನ ಕೈ ಹಿಡಿದು, "ಅತ್ತಿ ಸೊಸಿದು ದಿನಾ ವಾದನ ಇತ್ತು ಬಿಡವಾ," ಎಂದಳು.

ಅಳುತ್ತಿದ್ದೆ, ಆದರೂ ಹೆಮ್ಮೆಯಿಂದಲೇ ಹೇಳಿದೆ: "ಹೌದ್ರಿ. ನಂಗ ವಾದ ಮಾಡಾಕ ಕಲಿಸಿದವರ ಅವರು."