ಕಾಳಪ್ಪ ಬಂದು ಕೂತರೆ ನಿಂತುಹೋಗುವ ವಿಡಿಯೊ

ಸಂಡೂರಿನ ಕಾಳಪ್ಪ ನಿಂತಲ್ಲಿ ನಿಲ್ಲುವ, ಕೂತಲ್ಲಿ ಕೂರುವ ಮನುಷ್ಯನೇ ಅಲ್ಲ. ಗಣಿ ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಓಡಿಸುವುದು ಅವನ ಕೆಲಸ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳನ್ನು ಅಡಗಿಸುತ್ತ ಗುಡ್ಡ ಹತ್ತಬೇಕು, ಇಳಿಯಬೇಕು. ಕೆಳಗೆ ಮುಟ್ಟಿ ತಿರುಗಿ ನೋಡುವಷ್ಟರಲ್ಲಿ ಮೇಲೆ ರಸ್ತೆ ಒಣಗಿ ಧೂಳು ಮತ್ತೆ ಎದ್ದಿರುತ್ತದೆ. ಇಂಥ ಕೆಲಸ ಮಾಡುವವನಿಗೆ ಸಮಾಧಾನ ಎಲ್ಲಿಂದ ಬರಬೇಕು ಹೇಳಿ! ಮನೆಗೆ ಬಂದರೂ ಅದೇ ಕಥೆ. ಚಹಾ ಅರ್ಧ ಕುಡಿದು ಏಳುತ್ತಾನೆ, ಸರಿಯಿರುವ ನಲ್ಲಿಯನ್ನು ಬಿಚ್ಚಿ ಮತ್ತೆ ಕೂಡಿಸುತ್ತಾನೆ, ಬಾಗಿಲ ಚಿಲಕ ಅಲ್ಲಾಡಿಸಿ ನೋಡುತ್ತಾನೆ.

"ಏನ್ರಿ, ಕಾಲಿಗೆ ಚಕ್ರ ಕಟ್ಕಂಡು ಹುಟ್ಟೀರೇನು? ಒಂದು ಗಳಿಗೆ ಕುಂದ್ರಬಾರದಾ?" ಎಂದು ಹೆಂಡತಿ ಉಚ್ಚಂಗೆಮ್ಮ ಗದರಿದರೆ, "ಕುಂತ್ರ ಕೆಲಸ ಯಾರು ಮಾಡ್ತಾರ?" ಎನ್ನುತ್ತಾನೆ. ಯಾವ ಕೆಲಸ ಅಂತ ಮಾತ್ರ ಕೇಳಬಾರದು.

ಇಂಥವನು ಒಂದೇ ಒಂದು ಹೊತ್ತು ಮಾತ್ರ ಕೂರಲೇಬೇಕೆಂದು ಹಟ ಹಿಡಿದಿದ್ದ. ಅದು ಭಾನುವಾರ ಬೆಳಿಗ್ಗೆ, ಲ್ಯಾಪ್‌ಟಾಪಿನ ಮುಂದೆ. ಆ ಹೊತ್ತಿಗೆ ಹುಬ್ಬಳ್ಳಿಯಿಂದ ಮಗಳು ಪಂಪಾವತಿ ವಿಡಿಯೊ ಕಾಲ್ ಮಾಡುತ್ತಾಳೆ.

ಪಂಪಾವತಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಾಳೆ, ತನ್ನಂಥವರೇ ಆದ ಇಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ. ಅವಳ ಮಾತೆಲ್ಲ ಕೈಯಲ್ಲಿ. ತಾಯಿ ಮಗಳು ಎದುರುಬದುರು ಕೂತರೆಂದರೆ ಮನೆಯಲ್ಲಿ ಉಚ್ಚಂಗೆಮ್ಮನ ಬಳೆ ಸದ್ದೊಂದೇ. ನಗುವೇನು, ಜಗಳವೇನು, ಊರ ಮೇಲಿನ ಸುದ್ದಿಯೇನು, ಎಲ್ಲ ಬೆರಳ ತುದಿಯಲ್ಲೇ ಮುಗಿದುಹೋಗುತ್ತದೆ. ಕಾಳಪ್ಪನಿಗೆ ಆ ಭಾಷೆ ಬಾರದು. ಕಾಲ್ ಮುಗಿದ ಮೇಲೆ ಹೆಂಡತಿಯೇ ಅವನಿಗೆ ತಿಳಿಸಿ ಹೇಳಬೇಕು: "ಅಪ್ಪ ಉಂಡಾನಾ ಅಂತ ಕೇಳಿದ್ಲು. ಮೊಣಕಾಲು ಹೆಂಗೈತಿ ಅಂತ ಕೇಳಿದ್ಲು."

ಅಷ್ಟು ಕೇಳಿದ ಕಾಳಪ್ಪನಿಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಹೊಟ್ಟೆ ಉರಿ. ಕೇಳಿದ್ದು ನಿಜವಾದರೆ ತನ್ನ ಮುಖ ನೋಡಿಯೇ ಯಾಕೆ ಕೇಳಬಾರದು? ಒಂದೇ ಒಂದು ಸಲ ಮಗಳು ತನ್ನ ಕಡೆ ತಿರುಗಿ ಮಾತಾಡಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ. ಅದಕ್ಕೆ ಅಡ್ಡ ಬಂದಿರುವುದು ಈ ದರಿದ್ರ ಲ್ಯಾಪ್‌ಟಾಪ್ ಎಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ.

ಮೊಬೈಲ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಕೈಯಲ್ಲಿ ಮಾತಾಡುವವರು ಒಂದು ಕೈಯಲ್ಲಿ ಮೊಬೈಲ್ ಹಿಡಿದರೆ ಅರ್ಧ ಬಾಯಿ ಕಟ್ಟಿಕೊಂಡಂತೆ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟರೆ ಒಳ್ಳೆ ಮಾತಿನ ನಡುವೆ ಜಾರಿ ಬೀಳುತ್ತದೆ. ಗಣಿ ಆಫೀಸಿನವರು ಹೊಸ ಕಂಪ್ಯೂಟರ್ ತಂದಾಗ ಮೂಲೆಗೆ ಒಗೆದಿದ್ದ ಈ ಲ್ಯಾಪ್‌ಟಾಪನ್ನು ಕಾಳಪ್ಪ ಕೇಳಿ ತಂದಿದ್ದ. ಅದಾದರೋ ತಾನೇ ನಿಲ್ಲುತ್ತದೆ, ಪರದೆಯೂ ದೊಡ್ಡದು. ಆದರೆ ವಯಸ್ಸಾಗಿತ್ತು. ಗುಂಡಿ ಒತ್ತಿದ ಮೇಲೆ ಅದು ಎಚ್ಚರವಾಗುವಷ್ಟರಲ್ಲಿ ಅನ್ನ ಬೆಂದಿರುತ್ತಿತ್ತು. ಕಾಲ್ ಶುರುವಾದರೆ ಚಿತ್ರ ಓಡುತ್ತಿರಲಿಲ್ಲ, ಕುಂಟುತ್ತಿತ್ತು. ಮಗಳ ಕೈ ಎದೆಯ ಹತ್ತಿರ ಕಾಣಿಸಿ, ಮರುಗಳಿಗೆ ಕಿವಿಯ ಹತ್ತಿರ ಕಾಣಿಸುತ್ತಿತ್ತು. ನಡುವೆ ಅವಳು ಹೇಳಿದ್ದು ಎಲ್ಲಿ ಹೋಯಿತೋ. ದನಿಯಾದರೆ ಕಡಿದು ಕಡಿದು ಬಂದರೂ ಊಹೆ ಮಾಡಿಕೊಳ್ಳಬಹುದು, ಕೈ ಕಾಣದಿದ್ದರೆ ಮಾತೇ ಇಲ್ಲ.

ಇದಕ್ಕಿಂತ ದೊಡ್ಡ ಪೀಡೆ ಇನ್ನೊಂದಿತ್ತು. ಉಚ್ಚಂಗೆಮ್ಮ ಒಬ್ಬಳೇ ಇದ್ದಾಗ ಕುಂಟುತ್ತಲಾದರೂ ನಡೆಯುತ್ತಿದ್ದ ಚಿತ್ರ, ಕಾಳಪ್ಪ ಪಕ್ಕಕ್ಕೆ ಬಂದು ಕೂತ ಕೂಡಲೇ ಪೂರಾ ನಿಂತುಬಿಡುತ್ತಿತ್ತು. ಮಗಳು ಗೊಂಬೆಯ ಹಾಗೆ ಕೂತುಬಿಡುತ್ತಿದ್ದಳು. ಕಾಳಪ್ಪ ಪರದೆ ತಟ್ಟುತ್ತಿದ್ದ, ವೈರು ಅಲ್ಲಾಡಿಸುತ್ತಿದ್ದ, "ನನ್ನ ಕಂಡ್ರ ಇದಕ್ಕ ಏನು ಬ್ಯಾನಿ?" ಎಂದು ಬೈದು ಎದ್ದು ಹೋಗುತ್ತಿದ್ದ. ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ಬಳೆ ಸದ್ದು ಶುರುವಾಗಿರುತ್ತಿತ್ತು. ಹಾಳಾದ್ದು, ಮತ್ತೆ ಓಡಲಿಕ್ಕೆ ಹತ್ತಿತು!

ಸುಮ್ಮನಿರುವ ಜೀವ ಅಲ್ಲವಲ್ಲ ಅವನದು. ಯಾರೋ ಬಿಸಿಗೆ ಹಿಂಗಾಗ್ತೈತಿ ಅಂದರು ಅಂತ ಲ್ಯಾಪ್‌ಟಾಪನ್ನು ಎರಡು ಬಟ್ಟಲು ಬೋರಲು ಹಾಕಿ ಅದರ ಮೇಲೆ ಇಟ್ಟ. ಟೇಬಲ್ ಫ್ಯಾನ್ ತಂದು ಅದರ ಬೆನ್ನಿಗೆ ತಿರುಗಿಸಿದ. ಸೆಕೆಯಲ್ಲಿ ಉಚ್ಚಂಗೆಮ್ಮ ಸೆರಗಿನಿಂದ ಗಾಳಿ ಹಾಕಿಕೊಂಡಳು, ಲ್ಯಾಪ್‌ಟಾಪ್ ಫ್ಯಾನಿನ ಗಾಳಿ ಕುಡಿಯಿತು. ಇಂಟರ್‌ನೆಟ್ಟಿನ ದೋಷವೇನೋ ಎಂದು ಕೇಬಲ್‌ನವರ ಬೆನ್ನು ಬಿದ್ದು ಮನೆಗೆ ವೈರು ಎಳೆಸಿದ. ವಡ್ಡು ಎಂಬ ಹಳ್ಳಿಯಲ್ಲಿದ್ದ ತಮ್ಮ ತೋಟಪ್ಪ, "ಅದನ್ನ ಒಗದು ಹೊಸಾದು ತರಬಾರದೇನೋ ಅಣ್ಣ" ಎಂದರೆ, "ರಿಪೇರಿ ಆಗದು ಯಾವ್ದೈತಲೇ ಲೋಕದಾಗ?" ಎಂದು ಹರಿಹಾಯ್ದ. ಅವನ ಟ್ಯಾಂಕರ್ ಕೂಡ ಹಳೆಯದೇ. ಬಿಚ್ಚಿ ಬಿಚ್ಚಿ ಓಡಿಸಿದವನು ಅವನು.

ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಬಸವಕುಮಾರನ ಮುಂದೆ ಅದನ್ನು ತಂದಿಟ್ಟ.

"ಬರ್ರಿ ಕಾಳಪ್ಪಣ್ಣ, ಕುಂದ್ರಿ. ಏನಾಗೈತಿ?"

"ವಿಡಿಯೊ ಹ್ಯಾಂಗ್ ಆಗ್ತೈತಿ ತಮ್ಮಾ. ಅದೂ ನಾ ಕುಂತ್ರ ಮಾತ್ರ."

"ನೀವು ಕುಂತ್ರ ಮಾತ್ರನಾ?" ಬಸವಕುಮಾರ ಜೋರಾಗಿ ನಕ್ಕ. "ಟ್ಯಾಂಕರ್ ಡ್ರೈವರ್ ಬಂದ, ಇನ್ನ ನೀರು ಹೊಡೀತಾನ ಅಂತ ಹೆದರ್ತೈತೇನೋ!"

"ನಗಬ್ಯಾಡಲೇ. ನೋಡಿ ಹೇಳು."

ಬಸವಕುಮಾರ ತಳದ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ. ಒಳಗಿನ ಫ್ಯಾನ್ ಕಾಣಲೇ ಇಲ್ಲ, ಕೆಂಪು ಧೂಳು ಹೆಪ್ಪುಗಟ್ಟಿ ಕೂತಿತ್ತು. "ಅಬ್ಬಬ್ಬಾ! ಇದು ಲ್ಯಾಪ್‌ಟಾಪೋ ಗಣಿಯೋ? ಇದನ್ನ ಜರಡಿ ಹಿಡಿದ್ರ ಒಂದು ಲೋಡು ಅದಿರು ಸಿಗ್ತೈತಿ ನೋಡ್ರಿ." ಬ್ರಷ್ಷಿನಿಂದ ಕೆರೆದು ಗಾಳಿ ಹೊಡೆದ. ಒಳಗಿನ ಚಿಪ್‌ನ ಮೇಲೆ ಒಣಗಿದ್ದ ಪೇಸ್ಟ್ ಒರೆಸಿ ಹೊಸದು ಬಳಿದ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗಕ್ಕೆ ಜೋರಾಗಿ ಓಡುವ ಎಸ್‌ಎಸ್‌ಡಿ ಕೂಡಿಸಬೇಕು, ಅದು ಹೊಸಪೇಟೆಯಿಂದ ಬರಬೇಕು ಎಂದ. ಕಾಳಪ್ಪ ಅಷ್ಟು ಕಾಯುವವನೇ? ಆಗಿಂದಾಗಲೇ ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ ತಾನೇ ತಂದುಕೊಟ್ಟ. ಬಸವಕುಮಾರ ರ‍್ಯಾಮ್ ಕೂಡ ಹೆಚ್ಚಿಸಿದ. ಆಮೇಲೆ ಯಾವ ಯಾವ ಪ್ರೋಗ್ರಾಮ್ ತಾನಾಗಿಯೇ ಶುರುವಾಗುತ್ತದೆ ಎಂದು ನೋಡಿ ಮತ್ತೆ ನಕ್ಕ.

"ಆಫೀಸಿನವರ ಲಾರಿ ತೂಗೋ ಸಾಫ್ಟ್‌ವೇರ್ ಇನ್ನೂ ಓಡಾಕತ್ತೈತಿ ಅಣ್ಣ. ಪಾಪ, ಇದು ಇಷ್ಟು ವರ್ಷ ಲಾರಿ ಹುಡುಕ್ಕೊಂತ ಕುಂತೈತಿ." ಅದನ್ನು ತೆಗೆದುಹಾಕಿದ. "ಮತ್ತೊಂದು ಕೇಳ್ರಿ. ಕಾಲ್ ಬಂದಾಗ ಬ್ಯಾರೆ ಏನೂ ತಗದಿಡಬ್ಯಾಡ್ರಿ. ವಿಡಿಯೊ ಕ್ವಾಲಿಟಿ ಒಂದು ಹಂತ ಕಮ್ಮಿ ಇಟ್ಟೀನಿ. ಚಿತ್ರ ಸ್ವಲ್ಪ ಮಬ್ಬಾದ್ರೂ ನೀರು ಹರದಂಗ ಓಡ್ತೈತಿ."

ಒಂದು ಕುಣಿತದ ವಿಡಿಯೊ ಹಾಕಿ ತೋರಿಸಿದ. ಎಲ್ಲೂ ತಡೆಯಲಿಲ್ಲ. ಕಾಳಪ್ಪ ಅನುಮಾನದಿಂದ ಸ್ಟೂಲು ಎಳೆದುಕೊಂಡು ಅದರ ಮುಂದೆಯೇ ಕೂತ. ಕುಣಿಯುವವರು ಕುಣಿಯುತ್ತಲೇ ಇದ್ದರು.

"ನೋಡ್ರಿ, ನೀವು ಕುಂತ್ರೂ ನಿಲ್ಲಲಿಲ್ಲ" ಎಂದ ಬಸವಕುಮಾರ. "ಮಸ್ತ್ ಆತು ಬಿಡು" ಎಂದು ಕಾಳಪ್ಪ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಮನೆಗೆ ಬಂದ.

ಭಾನುವಾರ ಬಂತು. ಕಾಳಪ್ಪ ಕೆಂಪು ಧೂಳು ಮೆತ್ತಿದ ಉಗುರು ತಿಕ್ಕಿ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಮೊದಲು ಅವಸರ ಮಾಡಲಿಲ್ಲ, ಪರದೆಗೆ ಓರೆಯಾಗಿ ಮಂಚದ ತುದಿಯಲ್ಲಿ ಕೂತು ನೋಡಿದ. ಕಾಲ್ ಬಂತು. ಏನು ಹೇಳಲಿ! ಮಗಳ ಕೈ ಎಲ್ಲೂ ತುಂಡಾಗದೆ ಎದೆಯಿಂದ ಹಣೆಗೆ, ಹಣೆಯಿಂದ ಗಾಳಿಗೆ ಹರಿಯುತ್ತಿತ್ತು. ಹುಬ್ಬು ಏರಿತು, ಕೆನ್ನೆ ಉಬ್ಬಿತು, ಯಾರನ್ನೋ ಅಣಕಿಸಿ ತೋರಿಸಿದಳು. ಉಚ್ಚಂಗೆಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಮಗಳು ಇಷ್ಟು ವಾಚಾಳಿಯೇ ಎಂದು ಕಾಳಪ್ಪನಿಗೆ ಆಶ್ಚರ್ಯವಾಯಿತು.

ಇನ್ನು ತಡೆಯಲಾರದೆ ಸ್ಟೂಲು ಎತ್ತಿಕೊಂಡು ಹೆಂಡತಿಯ ಪಕ್ಕಕ್ಕೆ ಬಂದು ಕೂತ.

ಚಿತ್ರ ನಿಂತಿತು.

"ಥೂ ಇದರ ಮನಿ ಹಾಳಾಗ!" ಎಂದು ಮೇಜು ಗುದ್ದಿದ. ಉಚ್ಚಂಗೆಮ್ಮ "ಇರ್ರಿ, ಇರ್ರಿ" ಎನ್ನುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಬಸವಕುಮಾರನಿಗೆ ಫೋನ್ ಹಚ್ಚಿದ. "ಏನು ರಿಪೇರಿ ಮಾಡೀಯಲೇ? ಮತ್ತ ನಿಂತೈತಿ!"

"ಹಂಗ ಆಗಾಕ ಸಾಧ್ಯ ಇಲ್ಲಲ್ರೀ. ಪೂರಾ ನಿಂತೈತೇನು? ಆ ಚಿತ್ರದಾಗ ಹಿಂದ ಏನರ ಅಲ್ಲಾಡಾಕತ್ತೈತೇನು ನೋಡ್ರಿ."

ಕಾಳಪ್ಪ ಬಗ್ಗಿ ನೋಡಿದ. ಮಗಳ ಹಿಂದೆ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಹಸಿರು ದುಪಟ್ಟಾ ಒಣಗುತ್ತಿತ್ತು. ಅದು ಗಾಳಿಗೆ ಉಬ್ಬಿ ಇಳಿಯಿತು. ರೂಮಿನ ಹುಡುಗಿಯೊಬ್ಬಳು ತಂಬಿಗೆ ಹಿಡಿದು ಹಾದು ಹೋದಳು.

"ಅಲ್ಲಾಡಾಕತ್ತೈತಿ" ಎಂದ.

"ಹಂಗಾದ್ರ ಲ್ಯಾಪ್‌ಟಾಪ್ ಸರಿ ಐತ್ರಿ ಅಣ್ಣ. ವಿಡಿಯೊ ಓಡಾಕತ್ತೈತಿ."

ಕಾಳಪ್ಪ ಫೋನ್ ಕೆಳಗಿಟ್ಟ. ಪರದೆಯ ಮೇಲೆ ಪಂಪಾವತಿ ಕಣ್ಣು ಮಿಟುಕಿಸಿದಳು. ಮತ್ತೊಮ್ಮೆ ಮಿಟುಕಿಸಿದಳು. ಅವಳ ಎರಡೂ ಕೈ ಮಡಿಲಲ್ಲಿದ್ದವು. ಒಂದು ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಆ ಹಿಡಿತ ಅವನದೇ. ಅವಳು ಚಿಕ್ಕವಳಿದ್ದಾಗ ಯಾವುದೋ ಕಿವಿ ತಪಾಸಣೆಯ ಕ್ಯಾಂಪಿನಲ್ಲಿ ಒಬ್ಬರು, ಕೈ ಸನ್ನೆ ರೂಢಿಯಾದರೆ ಮಗು ಬಾಯಿ ಬಿಡುವುದೇ ಇಲ್ಲ, ಬಿಗಿಯಾಗಿರಿ ಎಂದು ಹೇಳಿದ್ದರು. ಕಾಳಪ್ಪ ಬಿಗಿಯಾಗಿದ್ದ. ಊಟಕ್ಕೆ ಕೂತರೆ ಮಗುವಿನ ಎರಡೂ ಕೈಯನ್ನು ತನ್ನ ಒಂದೇ ಮುಷ್ಟಿಯಲ್ಲಿ ಅದರ ಮಡಿಲಿಗೆ ಒತ್ತಿ ಹಿಡಿದು, "ಅಪ್ಪಾ ಅನ್ನು. ಬಾಯಿಲೆ ಅನ್ನು" ಎಂದು ಕೂರುತ್ತಿದ್ದ. ಹಾಗೆ ಅಂದರೆ ತುತ್ತು, ಇಲ್ಲದಿದ್ದರೆ ಇಲ್ಲ. ಅಳುತ್ತ ಅಳುತ್ತ "ಪ್ಪ" ಎಂದ ದಿನ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಕೈ ಮಾತೆಲ್ಲ ಅವನು ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯಲ್ಲಿ ನಡೆಯುತ್ತಿತ್ತು. ಅವನ ಗಾಡಿಯ ಸದ್ದು ಕೇಳಿದರೆ ತಾಯಿ ಮಗಳ ಭುಜ ಮುಟ್ಟುತ್ತಿದ್ದಳು, ಕೈ ಕೆಳಗಿಳಿಯುತ್ತಿದ್ದವು.

"ನಿನಗ ಗೊತ್ತಿತ್ತೇನು?" ಎಂದು ಹೆಂಡತಿಯನ್ನು ಕೇಳಿದ.

"ಗೊತ್ತಿತ್ರಿ."

"ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಇದೊಂದು ರಿಪೇರಿ ಆದ್ರ ಸರಿ ಹೋಗ್ತೈತಿ ಅಂತ ಅಷ್ಟು ಆಸೆಲೆ ಓಡ್ಯಾಡಾಕತ್ತಿದ್ರಿ. ನನಗ ಬಾಯಿ ಬರ್ಲಿಲ್ಲ."

"ಮತ್ತ ಮೊಣಕಾಲು ಕೇಳಿದ್ಲು ಅಂತಿದ್ದೆಲ್ಲ?"

ಉಚ್ಚಂಗೆಮ್ಮ ಸೆರಗಿನ ಅಂಚು ನೋಡುತ್ತ, "ಅದು ನಾ ಹೇಳಿದ್ದು" ಎಂದಳು.

ಕಾಳಪ್ಪನಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಎದ್ದರೆ ಮಗಳು ಮಾತಾಡುತ್ತಾಳೆ, ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನು ಬೇಕು? ಅರ್ಧ ಎದ್ದವನು ಮತ್ತೆ ಕೂತ. ಬಲಗೈಯ ಐದೂ ಬೆರಳು ಕೂಡಿಸಿ, ನಾಚಿಕೆಯಿಂದ, ಬಾಯಿಯ ಹತ್ತಿರ ತಂದ. ಹುಬ್ಬು ಏರಿಸಿದ. ಊಟ ಆಯಿತಾ?

ಪಂಪಾವತಿ ಅವನ ಕೈ ನೋಡಿದಳು. ಅವನ ಮುಖ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, ಒಂದೇ ಕೈಯನ್ನು ಮಡಿಲಿನಿಂದ ಸ್ವಲ್ಪವೇ ಎತ್ತಿ ಏನೋ ಕೇಳಿದಳು.

"ಏನಂತ?" ಎಂದ ಕಾಳಪ್ಪ.

ಉಚ್ಚಂಗೆಮ್ಮ ಪರದೆಯಿಂದ ಗಂಡನ ಕಡೆ ತಿರುಗಿದಳು. "ಅಪ್ಪನ ಮುಂದ ಕೈಲೆ ಮಾತಾಡ್ಲಾ ಅಂತ ಕೇಳಾಕತ್ತಾಳ್ರಿ."

ಕಲಿಸುವ ಟೀಚರು, ಊರು ಬಿಟ್ಟು ಊರಲ್ಲಿ ದುಡಿದು ಬಾಳುವ ಹೆಣ್ಣುಮಗಳು, ಅಪ್ಪನ ಮುಂದೆ ಮಾತಾಡಲಿಕ್ಕೆ ಅಪ್ಪಣೆ ಕೇಳುತ್ತಿದ್ದಾಳೆ. ಕಾಳಪ್ಪನ ಕಣ್ಣು ತುಂಬಿ ಪರದೆ ಕಲಸಿಹೋಯಿತು. "ಆಡವ್ವ, ಆಡು" ಎಂದು ಕೇಳಿಸದ ಮಗಳಿಗೆ ಕೂಗಿ ಹೇಳಿದ. ತಲೆ ಆಡಿಸಿದ, ಎರಡೂ ಕೈ ಮೇಲೆ ಮೇಲೆ ಎತ್ತಿ ತೋರಿಸಿದ.

ಪಂಪಾವತಿಯ ಕೈ ಮೇಲೆ ಬಂದವು. ಅವಳು ಅವನನ್ನೇ ನೋಡುತ್ತ ಮಾತಾಡಿದಳು. ಸಣ್ಣ ಮಾತಲ್ಲ, ಉದ್ದ ಮಾತು. ನಡುವೆ ಒಮ್ಮೆ ಸಿಟ್ಟು ಬಂದಂತೆ ಕಂಡಿತು, ಒಮ್ಮೆ ತುಟಿ ನಡುಗಿತು, ಆದರೂ ನಿಲ್ಲಿಸಲಿಲ್ಲ. ಒಂದು ಬೆರಳೂ ತಪ್ಪದಂತೆ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಕಾಳಪ್ಪನಿಗೆ ಒಂದೂ ತಿಳಿಯಲಿಲ್ಲ.

ಮುಗಿಸಿ ಅವಳು ಕಾದಳು. ಉಚ್ಚಂಗೆಮ್ಮ ಹೇಳಲಿಕ್ಕೆ ಬಾಯಿ ತೆರೆದಳು. ಕಾಳಪ್ಪ ಪರದೆಯಿಂದ ಕಣ್ಣು ಕೀಳದೆ ಅವಳನ್ನು ತಡೆದ.

"ನೀ ಹೇಳಬ್ಯಾಡ. 'ತಿಳೀಲಿಲ್ಲ, ಇನ್ನೊಂದು ಸಲ ಹೇಳು' ಅನ್ನಾಕ ಕೈ ಹೆಂಗ ಮಾಡ್ಬೇಕು? ನನಗ ಅದನ್ನ ಕಲಿಸು."