ಬ್ಯಾಟರಿ ಡಾಕ್ಟರಿಗೆ ಸಿಗದ ಕಳ್ಳ

ಕಾರು ಬೆಳಿಗ್ಗೆ ಮಿಸುಕದಿದ್ದರೆ ಬೀದಿಯವರೆಲ್ಲ ಕರೆಯುವುದು ಬ್ಯಾಟರಿ ಡಾಕ್ಟರನ್ನು. ‘ಬ್ಯಾಟರಿ ಸತ್ತೋಯ್ತು’ ಅಂದರೆ ರೇಗುತ್ತಾನೆ: ‘ಅಳೋದು ಆಮೇಲೆ, ಮೊದ್ಲು ಕರೆಂಟ್ ಕಳ್ಳನ್ನ ಹಿಡಿಯೋಣ.’ ಮೀಟರ್ ಜೋಡಿಸಿ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾನೆ. ಯಾವುದೋ ಒಂದನ್ನು ಕಿತ್ತಾಗ ಮೀಟರಿನ ಮುಳ್ಳು ಇಳಿದದ್ದೇ ತಡ, ‘ಕಳ್ಳ ಮನೆಯವರೇ ಸ್ವಾಮಿ!’ ಎಂದು ಆರದೇ ಉಳಿದ ಡಿಕ್ಕಿಯ ದೀಪವನ್ನು ಏಳು ತಲೆಮಾರು ಸೇರಿಸಿ ಬೈಯುತ್ತಾನೆ. ಅವನ ಸ್ವಂತ ಕಾರಿಗೆ ಮಾತ್ರ ದಿನಾ ಬೆಳಿಗ್ಗೆ ಚಾರ್ಜರಿನ ಸಲೈನು. ‘ನಿಮ್ಮ ಕಳ್ಳ ಯಾರು ಡಾಕ್ಟ್ರೇ?’ ಎಂದು ಗಿರಾಕಿಗಳು ಕಾಲೆಳೆದರೆ, ‘ಇನ್ನೂ ಸಿಕ್ಕಿಲ್ಲ’ ಅನ್ನುತ್ತಾನೆ. ಅತ್ತೆ, ನಾದಿನಿ, ಮಕ್ಕಳ ಗದ್ದಲದಿಂದ ತಪ್ಪಿಸಿಕೊಂಡು ಅವನ ಹೆಂಡತಿ ಸಂಜೆ ಆ ಕಾರಿನೊಳಗೆ ಕೂತು ಕಾದಂಬರಿ ಓದುತ್ತಾಳೆ. ಯಾರೋ ಕರೆದರೆಂದು ಕಾರಿನ ದೀಪ ಆರಿಸದೆ ಎದ್ದೋಡುತ್ತಾಳೆ. ಅವನಿಗದು ಗೊತ್ತು; ಹೇಳಿದರೆ ನಾಳೆಯಿಂದ ಓದುವುದನ್ನೇ ಬಿಟ್ಟಾಳು. ‘ಮತ್ತೆ ಸತ್ತೋಯ್ತೇನ್ರೀ?’ ಎಂದು ಅವಳು ಕೇಳಿದಾಗ ಮಾತ್ರ ರೇಗದೆ, ‘ಸತ್ತೋಯ್ತು ಕಣೇ, ಹಳೇ ಬ್ಯಾಟರಿ’ ಅನ್ನುತ್ತಾನೆ.